ನನ್ನ ತೂಕ ಎಷ್ಟಿರಬೇಕು? ಕೂತು ಲೆಕ್ಕ ಹಾಕೋಣ

ಯೌವನಸ್ಥರ ಕೂಟದ ಪಾಠ
ಓದಬೇಕಾದ ವಾಕ್ಯಭಾಗಗಳು: ಲೂಕ 14:28-30, 1 ಕೊರಿಂಥದವರಿಗೆ 6:19-20, 1 ಸಮುವೇಲ 16:6-7, ದಾನಿಯೇಲ 1:8-16, 1 ಅರಸುಗಳು 19:4-8

ಎಲ್ಲರೂ ಆರಾಮಾಗಿ ಕೂತ್ಕೊಳ್ಳಿ.

ಹೊಸ ವರ್ಷದ ಪ್ರಾರ್ಥನೆಗೆ ನಿಮ್ಮ ಬೇಡಿಕೆಗಳನ್ನು ಚೀಟಿಯಲ್ಲಿ ಬರೆದು ಕೊಡಿ ಅಂತ ಹೇಳಿದ್ದೆ. ಕೆಲಸ, ಮದುವೆ, ಮನೆ ಸಾಲ, ತಂದೆತಾಯಿಯ ರಕ್ಷಣೆ, ಎಲ್ಲವೂ ಇತ್ತು. ಅದರ ಜೊತೆಗೆ ತುಂಬಾ ಚೀಟಿಗಳಲ್ಲಿ ಒಂದು ನಂಬರ್ ಇತ್ತು. "ಎರಡು ತಿಂಗಳಲ್ಲಿ 12 ಕೆ.ಜಿ. ಕಡಿಮೆ ಆಗ್ಬೇಕು." "ಮದುವೆಗೆ ಮುಂಚೆ 55 ಆಗ್ಬೇಕು." ಒಬ್ಬ ತಮ್ಮ ಬರೆದಿದ್ದ: "ಪಾಸ್ಟರಣ್ಣ, ನಾನು ಕಡ್ಡಿ ಥರ ಇದ್ದೀನಿ, 10 ಕೆ.ಜಿ. ಜಾಸ್ತಿ ಆಗ್ಬೇಕು." ಹೆದರಬೇಡಿ, ಯಾರ ಹೆಸರೂ ಹೇಳಲ್ಲ.

ಈ ಚೀಟಿಗಳನ್ನು ನೋಡಿ ನಗೋದು ಸುಲಭ. ಆದರೆ ನಾನು ಪ್ರಾರ್ಥಿಸುವಾಗ ನನಗೆ ಬಂದ ಪ್ರಶ್ನೆ ಒಂದೇ. ಈ ನಂಬರ್‌ಗಳನ್ನು ಇವರು ಎಲ್ಲಿಂದ ತಂದರು? ಸರಿಯಾದ ಗುರಿ ಯಾವುದು ಅಂತ ಇವರಿಗೆ ಯಾರಾದರೂ ಹೇಳಿಕೊಟ್ಟಿದ್ದಾರಾ? ಅದಕ್ಕೇ ಇವತ್ತಿನ ಪಾಠ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ. ನನ್ನ ಹತ್ತಿರ ಇರೋದು ಬೈಬಲ್ ಕಾಲೇಜಿನ ಡಿಪ್ಲೊಮಾ. ವಾರದಲ್ಲಿ ಐದು ದಿನ ನಿಮ್ಮ ಹಾಗೇ ಆಫೀಸಿನಲ್ಲಿ ಕುರ್ಚಿ ಮೇಲೆ ಕೂರುವವನು. ಇವತ್ತು ನಾನು ಹೇಳುವ ಅಳತೆಗಳು ವೈದ್ಯರು ಸಾಮಾನ್ಯವಾಗಿ ಬಳಸುವ ಅಳತೆಗಳು. ನಿಮ್ಮ ದೇಹಕ್ಕೆ ಕೊನೆಯ ಮಾತು ನಿಮ್ಮನ್ನು ಪರೀಕ್ಷೆ ಮಾಡಿದ ವೈದ್ಯರದ್ದೇ ಆಗಿರಲಿ.

1. ಆ ನಂಬರ್ ಯಾರು ಕೊಟ್ಟದ್ದು?

1 ಸಮುವೇಲ 16 ತೆರೆಯಿರಿ. ಇಷಯನ ಮನೆಗೆ ಪ್ರವಾದಿಯಾದ ಸಮುವೇಲ ಬರ್ತಾನೆ. ಹಿರಿಯ ಮಗ ಎಲೀಯಾಬ ಎದುರಿಗೆ ಬಂದು ನಿಂತ ಕೂಡಲೇ, ಇವನೇ ಇರಬೇಕು ಅಂದುಕೊಳ್ತಾನೆ. ಎತ್ತರ ಇದ್ದಾನೆ, ನೋಡೋಕೆ ಚೆನ್ನಾಗಿದ್ದಾನೆ. ಆಗ ದೇವರು ಅವನನ್ನು ತಡೀತಾರೆ. ಮನುಷ್ಯನ ಕಣ್ಣು ಹೊರಗಿನದನ್ನು ನೋಡುತ್ತದೆ, ದೇವರು ನೋಡುವುದು ಹೃದಯವನ್ನು. ಪ್ರಿಯರೇ, ಗಮನಿಸಿ: ಇಲ್ಲಿ ತಿದ್ದಿಸಿಕೊಂಡವನು ಲೋಕದ ಮನುಷ್ಯ ಅಲ್ಲ, ಒಬ್ಬ ಪ್ರವಾದಿ. ಅಂದಮೇಲೆ ಸಭೆಯ ಒಳಗೂ ಈ ತಪ್ಪು ನಡೆಯುತ್ತೆ.

ಆರಾಧನೆ ಮುಗಿದು ಹೊರಗೆ ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ನಾವು ಏನು ಮಾತಾಡ್ತೀವಿ? "ಏನಮ್ಮಾ, ಇಷ್ಟು ದಪ್ಪ ಆಗಿಬಿಟ್ಟಿದ್ದೀಯ?" "ಏನಪ್ಪಾ, ಪೀಜಿಯಲ್ಲಿ ಊಟ ಹಾಕಲ್ವಾ?" ಹೇಳಿದವರು ಪ್ರೀತಿಯಿಂದಲೇ ಹೇಳಿರ್ತಾರೆ. ಕೇಳಿಸಿಕೊಂಡವರು ಅದನ್ನೇ ಹೊತ್ತುಕೊಂಡು ಬಸ್ ಹತ್ತುತ್ತಾರೆ. ವಾಕ್ಯ ಮರೆತುಹೋಗುತ್ತೆ, ಆ ಮಾತು ಮರೆಯಲ್ಲ.

ಕೆಲವು ತಿಂಗಳ ಹಿಂದೆ ಒಬ್ಬ ತಂಗಿ ಶನಿವಾರದ ಪ್ರಾರ್ಥನೆಗೆ ಬಂದಿದ್ದಳು. ಹಾಡುವಾಗ ಎದ್ದು ನಿಂತವಳು ಹಾಗೇ ಗೋಡೆ ಹಿಡಿದು ಕೂತುಬಿಟ್ಟಳು. ನನ್ನ ಹೆಂಡತಿ ನೀರು ಕೊಟ್ಟು ಪಕ್ಕದಲ್ಲಿ ಕೂತು ಕೇಳಿದಾಗ ವಿಷಯ ಹೊರಗೆ ಬಂತು. ಗಂಡಿನ ಕಡೆಯವರು ಫೋಟೋ ನೋಡಿ "ಹುಡುಗಿ ಸ್ವಲ್ಪ ಇಳಿದರೆ ಮಾತಾಡೋಣ" ಅಂದಿದ್ದರಂತೆ. "ಅಕ್ಕಾ, 52 ಆದ್ರೆ ಒಪ್ಪಬಹುದು ಅಂತ ಅಮ್ಮ ಹೇಳಿದ್ರು. ಇನ್ನು ಆರು ವಾರ ಇದೆ" ಅಂದಳು. ಅವಳ ತೂಕ 61, ಎತ್ತರ 160 ಸೆಂಟಿಮೀಟರ್. ಬೆಳಗ್ಗೆ ತಿಂಡಿ ಇಲ್ಲ, ರಾತ್ರಿ ಊಟ ಇಲ್ಲ, ಮಧ್ಯಾಹ್ನ ಒಂದು ಸೌತೆಕಾಯಿ, ಒಂದು ಲೋಟ ಮಜ್ಜಿಗೆ. ಮೂರು ವಾರ ಹೀಗೇ ನಡೆದಿತ್ತು. ಡಾಕ್ಟರ್ ಹತ್ತಿರ ಕರ್ಕೊಂಡು ಹೋದರೆ ರಕ್ತ ಕಡಿಮೆ. ಅವರು ಹೇಳಿದ್ದು: ಮೊದಲು ಕಬ್ಬಿಣಾಂಶದ ಮಾತ್ರೆ, ಮೂರು ಹೊತ್ತು ಊಟ. ಆಮೇಲೆ ಬೇಕಾದರೆ ನಾಲ್ಕು ತಿಂಗಳಲ್ಲಿ 58ಕ್ಕೆ ಬಾ, ಸಾಕು. ಅವಳ ಅನುಮತಿ ಪಡೆದೇ ಇದನ್ನು ಹೇಳ್ತಿದ್ದೀನಿ.

ಇಲ್ಲಿ ಒಂದು ಸೂಕ್ಷ್ಮ ಇದೆ. 160 ಸೆಂಟಿಮೀಟರ್ ಎತ್ತರಕ್ಕೆ 52 ಕೆ.ಜಿ. ಅನ್ನೋದು ಅನಾರೋಗ್ಯದ ತೂಕ ಅಲ್ಲ. ಆ ನಂಬರ್ ಪಟ್ಟಿಯ ಒಳಗೇ ಬರುತ್ತೆ. ಆದರೆ ಅದನ್ನು ಆರಿಸಿದವರು ಅವಳನ್ನು ಪರೀಕ್ಷೆ ಮಾಡದವರು, ಸಮಯ ಆರು ವಾರ, ಅದರ ಹಿಂದೆ ಇದ್ದದ್ದು ಭಯ. ಹಾಗಾಗಿ ಗುರಿ ಇಡುವ ಮೊದಲು ಕೇಳಿಕೊಳ್ಳಿ: ಈ ನಂಬರ್ ಯಾರದ್ದು? ಕಾಲೇಜಿನ ಐಡಿ ಕಾರ್ಡ್ ಫೋಟೋದ್ದಾ? ಬಯೋಡೇಟಾದ್ದಾ? ರೀಲ್ಸ್‌ನಲ್ಲಿ ನೋಡಿದವರದ್ದಾ? 18ನೇ ವಯಸ್ಸಿನಲ್ಲಿ ನಿಮ್ಮ ತೂಕ ಎಷ್ಟಿತ್ತೋ 32ಕ್ಕೂ ಅಷ್ಟೇ ಇರಬೇಕು ಅಂತ ಯಾವ ವಾಕ್ಯವೂ ಹೇಳಲ್ಲ, ಯಾವ ಡಾಕ್ಟರೂ ಹೇಳಲ್ಲ.

2. ಮೊದಲು ಕೂತು ಲೆಕ್ಕ ಹಾಕಿ

ಲೂಕ 14ರಲ್ಲಿ ಯೇಸುಸ್ವಾಮಿ ಗೋಪುರ ಕಟ್ಟಲು ಹೊರಟವನ ಉದಾಹರಣೆ ಕೊಡ್ತಾರೆ. ಅವನು ಮೊದಲು ಕೂತು, ಮುಗಿಸೋಕೆ ತನ್ನ ಹತ್ತಿರ ಇರೋದು ಸಾಕಾಗುತ್ತಾ ಅಂತ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಅಸ್ತಿವಾರ ಹಾಕಿ ನಿಲ್ಲಿಸುತ್ತಾನೆ, ನೋಡಿದವರು ನಗುತ್ತಾರೆ. ಈ ಭಾಗದ ಮುಖ್ಯ ವಿಷಯ ಶಿಷ್ಯತ್ವ, ತೂಕ ಅಲ್ಲ. ವಾಕ್ಯವನ್ನು ಎಳೆದು ಬೇರೆ ಕಡೆ ಕಟ್ಟಬಾರದು. ಆದರೆ ಕರ್ತನು ಈ ಉದಾಹರಣೆ ಕೊಡುವಾಗ ಎಲ್ಲರೂ ಒಪ್ಪುವ ಒಂದು ಬುದ್ಧಿಯ ಮಾತನ್ನು ಬಳಸುತ್ತಾರೆ: ಮುಗಿಸಲಾರದ್ದನ್ನು ಶುರು ಮಾಡಬೇಡ, ಮೊದಲು ಎಣಿಸು. ಅದು ತೂಕದ ವಿಷಯಕ್ಕೂ ಹೊಂದುತ್ತದೆ.

ಹಾಗಾದರೆ ಎಣಿಸೋಣ. ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. ಇವತ್ತು ಪರ್ಮಿಷನ್ ಇದೆ!

ನಿಮ್ಮ ಎತ್ತರವನ್ನು ಮೀಟರ್‌ನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. 165 ಸೆಂಟಿಮೀಟರ್ ಇದ್ದರೆ 1.65 ಗುಣಿಸು 1.65, ಅಂದರೆ 2.72. ಈಗ ನಿಮ್ಮ ತೂಕವನ್ನು ಅದರಿಂದ ಭಾಗಿಸಿ. 82 ಕೆ.ಜಿ. ಇದ್ದರೆ ಸುಮಾರು 30 ಬರುತ್ತೆ. ಇದನ್ನೇ ಬಿಎಂಐ ಅಂತಾರೆ. 18.5ಕ್ಕಿಂತ ಕಡಿಮೆ ಬಂದರೆ ತೂಕ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25ರಿಂದ ಹೆಚ್ಚು ತೂಕ, 30ರಿಂದ ಬೊಜ್ಜು. ಆದರೆ ನಮ್ಮ ದೇಶದವರಿಗೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಕಡಿಮೆ ತೂಕದಲ್ಲೇ ಬರುವುದರಿಂದ, 2009ರಲ್ಲಿ ಭಾರತದ ತಜ್ಞರು ಸೇರಿ ಗೆರೆಯನ್ನು ಕೆಳಗೆ ತಂದರು: 23ರಿಂದಲೇ ಹೆಚ್ಚು ತೂಕ, 25ರಿಂದ ಬೊಜ್ಜು.

ಯಾಕೆ ನಮಗೆ ಬೇರೆ ಗೆರೆ? ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅವರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಒಂದು ಪುಟ್ಟ ಲೇಖನ ಬರೆದರು. ಇಬ್ಬರದ್ದೂ ಬಿಎಂಐ ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇಕಡಾ 9.1, ಯಾಜ್ಞಿಕ್ ಅವರಿಗೆ ಶೇಕಡಾ 21.2. ಹೊರಗಿನಿಂದ ಇಬ್ಬರೂ ತೆಳ್ಳಗೇ ಕಾಣ್ತಾರೆ. ಅಂದರೆ ನಮ್ಮಲ್ಲಿ ಕೈಕಾಲು ಸಣ್ಣ ಇದ್ದರೂ ಹೊಟ್ಟೆಯೊಳಗೆ ಕೊಬ್ಬು ಕೂತಿರಬಹುದು. ತೂಕದ ಮಷೀನ್ ಇದನ್ನು ಹೇಳಲ್ಲ.

ಬಿಎಂಐ ಲೆಕ್ಕವನ್ನು 1830ರ ದಶಕದಲ್ಲಿ ಕಂಡುಹಿಡಿದವರು ಬೆಲ್ಜಿಯಂನ ಅಡಾಲ್ಫ್ ಕೆಟಲೇ. ಅವರು ಗಣಿತದವರು, ಡಾಕ್ಟರ್ ಅಲ್ಲ. ಸಾವಿರಾರು ಜನರ ಸರಾಸರಿ ನೋಡೋದಕ್ಕೆ ಮಾಡಿದ ಲೆಕ್ಕ ಅದು. ಜಿಮ್‌ನಲ್ಲಿ ಮೈಕಟ್ಟು ಬೆಳೆಸಿದವನಿಗೆ ಅದು ಜಾಸ್ತಿ ತೋರಿಸುತ್ತೆ, ಹೊಟ್ಟೆ ಮಾತ್ರ ಇರುವವನಿಗೆ ಕಡಿಮೆ ತೋರಿಸುತ್ತೆ. ಆದ್ದರಿಂದ ಟೈಲರ್ ಟೇಪ್ ಕೂಡ ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಸುತ್ತಿ. ಸಹಜವಾಗಿ ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆ ಎಳ್ಕೋಬೇಡಿ, ಯಾರೂ ನೋಡ್ತಿಲ್ಲ! ಸಹೋದರರಿಗೆ 90 ಸೆಂಟಿಮೀಟರ್, ಸಹೋದರಿಯರಿಗೆ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರಿಕೆ. ಇನ್ನೂ ಸುಲಭ ಬೇಕಾದರೆ, ಹೊಟ್ಟೆಯ ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ.

ಇನ್ನೊಂದು ವಿಷಯ. 165 ಸೆಂಟಿಮೀಟರ್ ಇರುವವರಿಗೆ ಆರೋಗ್ಯಕರ ತೂಕ ಅಂದರೆ ಸುಮಾರು 50ರಿಂದ 62 ಕೆ.ಜಿ. ನೋಡಿ, 12 ಕೆ.ಜಿ. ಅಂತರ ಇದೆ. ದೇವರು ಎಲ್ಲರಿಗೂ ಒಂದೇ ಮೂಳೆ, ಒಂದೇ ಮೈಕಟ್ಟು ಕೊಟ್ಟಿಲ್ಲ. ನಿಮ್ಮ ಫ್ರೆಂಡ್ 53ರಲ್ಲಿ ಚೆನ್ನಾಗಿದ್ದರೆ ನೀವು 61ರಲ್ಲಿ ಚೆನ್ನಾಗಿರಬಹುದು. ಗುರಿ ಅನ್ನೋದು ಒಂದು ನಂಬರ್ ಅಲ್ಲ, ಒಂದು ಅಂತರ.

3. ಪೂರ್ತಿ ಗೋಪುರ ಅಲ್ಲ, ಮೊದಲ ಮಹಡಿ

82 ಕೆ.ಜಿ. ಇರುವ ನಮ್ಮ ತಮ್ಮನ ಹತ್ತಿರ ಮತ್ತೆ ಹೋಗೋಣ. ಪಟ್ಟಿ ನೋಡಿ ಅವನು "ಅಯ್ಯೋ, 62ಕ್ಕೆ ಬರಬೇಕು, 20 ಕೆ.ಜಿ.!" ಅಂತ ಹೆದರ್ತಾನೆ. ಒಂದೋ ಶುರುವೇ ಮಾಡಲ್ಲ, ಇಲ್ಲಾ ಒಂದು ತಿಂಗಳು ಹಸಿದುಕೊಂಡು ಬಿಟ್ಟುಬಿಡ್ತಾನೆ. ಎರಡೂ ಅರ್ಧ ಕಟ್ಟಿದ ಗೋಪುರವೇ.

ವೈದ್ಯರು ಸಾಮಾನ್ಯವಾಗಿ ಕೊಡುವ ಮೊದಲ ಗುರಿ ಎಷ್ಟು ಗೊತ್ತಾ? ಈಗಿನ ತೂಕದ ಶೇಕಡಾ 5ರಿಂದ 10. ಅಷ್ಟೇ. ಅವನಿಗೆ ಅದು 4ರಿಂದ 8 ಕೆ.ಜಿ. ಅಂದರೆ ಮೊದಲು 78, ಆಮೇಲೆ 74. ಬಿಎಂಐ ಪಟ್ಟಿಯಲ್ಲಿ ಆಗಲೂ ಅವನು ಮೇಲೆಯೇ ಇರ್ತಾನೆ. ಆದರೆ ಅಷ್ಟರಲ್ಲೇ ರಕ್ತದೊತ್ತಡ, ಸಕ್ಕರೆ, ಲಿವರ್‌ನಲ್ಲಿರುವ ಕೊಬ್ಬು ಇಳಿಯಲು ಶುರುವಾಗುತ್ತೆ. ಮಂಡಿ ನೋವು, ಗೊರಕೆ ಕೂಡ ಕಡಿಮೆ ಆಗಬಹುದು.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಕೊಟ್ಟ ಗುರಿ: ಶೇಕಡಾ 7ರಷ್ಟು ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವಂಥ ವ್ಯಾಯಾಮ ಮಾಡಿ. ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ ಶೇಕಡಾ 58ರಷ್ಟು ಕಡಿಮೆಯಾಯಿತು. ನಮ್ಮ ಪಕ್ಕದ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಇಂಥದ್ದೇ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಅಲ್ಲಿ ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಶೇಕಡಾ 28.5ರಷ್ಟು ಕಡಿಮೆಯಾಯಿತು, ಅದೂ ತೂಕ ಹೆಚ್ಚೇನೂ ಇಳಿಯದೆ! ಹಾಗಾಗಿ ಮಷೀನ್ ಮೇಲೆ ನಂಬರ್ ಕದಲದಿದ್ದರೂ ನೀವು ನಡೆದದ್ದು ವ್ಯರ್ಥ ಅಲ್ಲ.

ಸಮಯ ಎಷ್ಟು? ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಚೆನ್ನಾಗಿಯೇ ನಡೀತಿದೆ ಅಂತ ಅರ್ಥ. ಕೆಲವು ವಾರ ಏನೂ ಇಳಿಯಲ್ಲ. ಹಾಗಾಗಿ 4 ಕೆ.ಜಿ.ಗೆ ಮೂರು ತಿಂಗಳು, 8ಕ್ಕೆ ಆರು ತಿಂಗಳು ಇಟ್ಕೊಳ್ಳಿ. "ನನ್ನ ಫ್ರೆಂಡ್ ಒಂದೇ ವಾರದಲ್ಲಿ 3 ಕೆ.ಜಿ. ಇಳಿಸಿದ" ಅಂತೀರಾ? ಮೊದಲ ವಾರದಲ್ಲಿ ಇಳಿಯೋದು ಬಹುಪಾಲು ನೀರು. ತುಂಬಾ ಬೇಗ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ, ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯ ಹೆಚ್ಚುತ್ತೆ, ಹಸಿವು ಎರಡರಷ್ಟಾಗಿ ಬಂದು ಕೂರುತ್ತೆ. ಆಮೇಲೆ ಇಳಿಸಿದ್ದೆಲ್ಲ ವಾಪಸ್.

78 ತಲುಪಿದ ಮೇಲೆ ಕೆಲವು ತಿಂಗಳು ಅಲ್ಲೇ ನಿಂತು ಉಳಿಸಿಕೊಳ್ಳಿ. ಉಳಿಸಿಕೊಳ್ಳಲು ಸಾಧ್ಯವಾದರೆ ಮಾತ್ರ ಮುಂದಿನ ಮಹಡಿ. ನಿಮ್ಮಲ್ಲಿ ಕೆಲವರು ಈಗ ನೈಟ್ ಶಿಫ್ಟ್‌ನಲ್ಲಿದ್ದೀರಿ, ಕೆಲವರು ಈಗಷ್ಟೇ ತಾಯಿಯಾಗಿದ್ದೀರಿ, ಕೆಲವರ ಮನೆಯಲ್ಲಿ ಕಾಯಿಲೆ ಇದ್ದವರನ್ನು ನೋಡಿಕೊಳ್ತಿದ್ದೀರಿ. ನಿಮಗೆ ಈ ವರ್ಷ "ಇನ್ನು ಏರದೆ ಇದ್ದರೆ ಸಾಕು" ಅನ್ನೋದೂ ಒಳ್ಳೆ ಗುರಿಯೇ. ಅದರಲ್ಲಿ ನಾಚಿಕೆ ಇಲ್ಲ.

ಥೈರಾಯ್ಡ್, ಪಿಸಿಒಡಿ ಇದ್ದವರು, ಸ್ಟೀರಾಯ್ಡ್ ಅಥವಾ ಮಾನಸಿಕ ಕಾಯಿಲೆಯ ಕೆಲವು ಮಾತ್ರೆ ತಗೊಳ್ಳುವವರು, ನಿಮ್ಮ ದಾರಿ ನಿಧಾನ ಇರುತ್ತೆ. ಅದು ಸೋಮಾರಿತನ ಅಲ್ಲ, ನಂಬಿಕೆಯ ಕೊರತೆಯೂ ಅಲ್ಲ. ತೂಕ ಏರುತ್ತೆ ಅಂತ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಮಾತಾಡಿ. ವಾರಕ್ಕೊಮ್ಮೆ ಹಾಕುವ ತೂಕದ ಇಂಜೆಕ್ಷನ್ ಬಗ್ಗೆಯೂ ಕೆಲವರು ಕೇಳಿದ್ದೀರಿ. ಅದು ಪಾಪ ಅಲ್ಲ, ಔಷಧಿ. ಆದರೆ ಡಾಕ್ಟರ್ ಬರೆದುಕೊಡಬೇಕಾದ ಔಷಧಿ. ಸ್ನೇಹಿತರ ಮೂಲಕ ತರಿಸಿ ಹಾಕಿಕೊಳ್ಳಬೇಡಿ.

4. ಉಪವಾಸ ಪ್ರಾರ್ಥನೆ ಡಯಟ್ ಅಲ್ಲ

ಇದನ್ನು ಪೆಂತೆಕೊಸ್ತ್ ಸಭೆಯಲ್ಲಿ ನಾವು ನೇರವಾಗಿ ಮಾತಾಡಲೇಬೇಕು. 21 ದಿನದ ಉಪವಾಸ ಪ್ರಾರ್ಥನೆ ಘೋಷಿಸಿದಾಗ "ಪ್ರಾರ್ಥನೆಯೂ ಆಯ್ತು, 5 ಕೆ.ಜಿ.ಯೂ ಇಳೀತು" ಅಂತ ಹೇಳ್ಕೊಳ್ಳುವವರು ಇದ್ದಾರೆ. ಮತ್ತಾಯ 6:16-18 ಓದಿ. ಉಪವಾಸ ಜನರಿಗೆ ಕಾಣೋದಕ್ಕಲ್ಲ, ತಂದೆಗೆ. ಕನ್ನಡಿಗಾಗಿ ಮಾಡಿದರೆ ಅದು ಕನ್ನಡಿಗಾಗಿ ಮಾಡಿದ ಉಪವಾಸ.

ದಾನಿಯೇಲನ ಉಪವಾಸ ಅಂತ ಒಂದು ಡಯಟ್ ಇದೆ. ಎಷ್ಟು ಜನ ದಾನಿಯೇಲ 1:15 ಓದಿದ್ದೀರಿ? ಹತ್ತು ದಿನ ಕಾಯಿಪಲ್ಯ ತಿಂದು ನೀರು ಕುಡಿದ ಆ ನಾಲ್ಕು ಯೌವನಸ್ಥರು ಆಮೇಲೆ ಹೇಗೆ ಕಂಡರು? ತೆಳ್ಳಗಾ? ಇಲ್ಲ! ರಾಜನ ಊಟ ಮಾಡಿದವರಿಗಿಂತ ಮೈತುಂಬಿಕೊಂಡು ಕಂಡರು ಅಂತ ಬರೆದಿದೆ. ಅವರು ತೂಕ ಇಳಿಸಲು ಹೋಗಲಿಲ್ಲ. ತಮ್ಮನ್ನು ಅಶುದ್ಧಪಡಿಸಿಕೊಳ್ಳಬಾರದು ಅಂತ ನಿರ್ಧಾರ ಮಾಡಿದ್ದರು. ಆದರೆ ಅವರ ಕ್ರಮದಲ್ಲಿ ನಮಗೊಂದು ಪಾಠ ಇದೆ. ಮೇಲ್ವಿಚಾರಕನ ಹತ್ತಿರ ವಿನಯದಿಂದ ಕೇಳಿದರು, ಹತ್ತು ದಿನ ಅಂತ ಚಿಕ್ಕ ಅವಧಿ ಇಟ್ಟರು, ಕೊನೆಯಲ್ಲಿ ನೋಡಿ ತೀರ್ಮಾನ ಮಾಡು ಅಂದರು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಊಟದ ವಿಷಯದಲ್ಲಿ ಮನಸ್ಸಿಗೆ ಕಾಯಿಲೆಯಾಗಿ ನರಳಿದವರು, ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ನೀವು ಬೇರೆ ಏನನ್ನಾದರೂ ಬಿಡಬಹುದು. ಮೊಬೈಲ್ ಬಿಟ್ಟು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತೆ.

5. ತೂಕ ಸಾಲದವರಿಗೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಮಹಿಳೆಯರಲ್ಲಿ ಶೇಕಡಾ 24ರಷ್ಟು ಜನರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಶೇಕಡಾ 18.7ರಷ್ಟು ಮಹಿಳೆಯರು 18.5ಕ್ಕಿಂತ ಕೆಳಗೆ. ಒಂದೇ ಬೆಂಚಿನಲ್ಲಿ ಇಬ್ಬರೂ ಕೂತಿದ್ದಾರೆ.

170 ಸೆಂಟಿಮೀಟರ್ ಎತ್ತರ, 50 ಕೆ.ಜಿ. ಇರುವ ತಮ್ಮನಿಗೆ ಮೊದಲ ಗುರಿ 60 ಅಲ್ಲ, 54. ತಿಂಗಳಿಗೆ ಒಂದು ಕೆ.ಜಿ. ಸಾಕು. ಡಬ್ಬದ ಪುಡಿಗೆ ಸಂಬಳ ಸುರಿಯಬೇಡಿ. ಮೂರು ಊಟದ ಜೊತೆ ಒಂದು ಕಡಲೆಕಾಯಿ, ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಎರಡು ಮೊಟ್ಟೆ ಸೇರಿಸಿ. ಸ್ವಲ್ಪ ಭಾರ ಎತ್ತುವ ವ್ಯಾಯಾಮ ಮಾಡಿ. ಆದರೆ ಕಾರಣವೇ ಇಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ಪರೀಕ್ಷೆ ಮಾಡಿಸಿ. ಟಿಬಿ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರಬಹುದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಉಚಿತ.

1 ಅರಸುಗಳು 19ರಲ್ಲಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿಬಿಟ್ಟಿದ್ದ. ದೇವದೂತನು ಬಂದು ಮೊದಲು ಪ್ರಸಂಗ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ನಿದ್ದೆ ಮಾಡಲು ಬಿಟ್ಟ, ಎಬ್ಬಿಸಿ ಇನ್ನೊಮ್ಮೆ ತಿನ್ನಿಸಿದ. ಯಾಕಂದರೆ ಮುಂದೆ ದೂರದ ಪ್ರಯಾಣ ಇತ್ತು. ದೇಹಕ್ಕೆ ಬೇಕಾದ್ದನ್ನು ದೇವರು ಕೀಳಾಗಿ ನೋಡುವುದಿಲ್ಲ. ಆಮೆನ್?

6. ನಾಳೆ ಬೆಳಗ್ಗೆಯಿಂದ ಏನು?

"78 ಕೆ.ಜಿ." ಅನ್ನೋದು ಫಲ. ಫಲ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರೋದು ದಿನದ ಕೆಲಸ. ಹಾಗಾಗಿ ತೂಕದ ಗುರಿಯ ಕೆಳಗೆ ಎರಡು ಅಥವಾ ಮೂರು ಕೆಲಸದ ಗುರಿ ಬರೆಯಿರಿ.

ನಡಿಗೆ: ವಾರಕ್ಕೆ 150 ನಿಮಿಷ, ಅಂದರೆ ಐದು ದಿನ ಅರ್ಧರ್ಧ ಗಂಟೆ. ಜಿಮ್ ಫೀಸ್ ಬೇಡ. ಒಂದು ಸ್ಟಾಪ್ ಮೊದಲೇ ಇಳಿದು ನಡೆಯಿರಿ.

ತಟ್ಟೆ: ಮುದ್ದೆ ತಿನ್ನಿ, ಅನ್ನ ತಿನ್ನಿ, ಯಾವುದೂ ವೈರಿ ಅಲ್ಲ. ಆದರೆ ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ತರಕಾರಿ ಇರಲಿ. ಕಾಳು, ಮೊಟ್ಟೆ, ಮೀನು, ಕೋಳಿ, ಮೊಸರು, ಇವುಗಳಲ್ಲಿ ಒಂದಾದರೂ ಪ್ರತಿ ಊಟಕ್ಕೂ ಇರಲಿ. ಫೆಲೋಶಿಪ್ ಊಟದ ದಿನ ಬಿರಿಯಾನಿ ತಿನ್ನಿ, ಸಂತೋಷವಾಗಿ ತಿನ್ನಿ. ರಾತ್ರಿ ಹನ್ನೊಂದಕ್ಕೆ ಆ್ಯಪ್‌ನಲ್ಲಿ ತರಿಸೋ ಬಿರಿಯಾನಿ ಬಗ್ಗೆ ಮಾತ್ರ ಯೋಚನೆ ಮಾಡಿ.

ಟೀ: ದಿನಕ್ಕೆ ನಾಲ್ಕು ಕಪ್, ಕಪ್‌ಗೆ ಎರಡು ಚಮಚ ಸಕ್ಕರೆ, ಒಟ್ಟು ಎಂಟು ಚಮಚ, ಸುಮಾರು 40 ಗ್ರಾಂ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಟೀ ಬಿಡಬೇಡಿ, ಚಮಚ ಅರ್ಧ ಮಾಡಿ.

ನಿದ್ದೆ: ರೀಲ್ಸ್ ನೋಡ್ತಾ ಎರಡು ಗಂಟೆಗೆ ಮಲಗಿದರೆ ಮರುದಿನ ಹಸಿವೂ ಜಾಸ್ತಿ, ಸಿಟ್ಟೂ ಜಾಸ್ತಿ.

ತೂಕ ನೋಡುವುದು: ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು. ಉಪ್ಪು, ನೀರು, ಸಹೋದರಿಯರಿಗೆ ತಿಂಗಳ ದಿನಗಳು, ಇವುಗಳಿಂದ ಒಂದೆರಡು ಕೆ.ಜಿ. ಆ ಕಡೆ ಈ ಕಡೆ ಆಗೋದು ಸಹಜ. ದಿನಾ ಹತ್ತಿ ದಿನಾ ಅಳಬೇಡಿ.

ಈಗ ತುಂಬಾ ಮುಖ್ಯವಾದ ಮಾತು. ಮುಟ್ಟು ನಿಂತುಹೋದರೆ, ಪದೇ ಪದೇ ತಲೆ ಸುತ್ತಿದರೆ, ಇಡೀ ದಿನ ಊಟದ ಬಗ್ಗೆಯೇ ಯೋಚನೆ ಬಂದರೆ, ತಿಂದಿದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಯಾರಿಗೂ ಕಾಣದ ಹಾಗೆ ತಿನ್ನುತ್ತಿದ್ದರೆ, ಆ ಗುರಿಯನ್ನು ಅಲ್ಲೇ ಬಿಟ್ಟುಬಿಡಿ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಡಾಕ್ಟರ್ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ನಾನು, ನನ್ನ ಹೆಂಡತಿ ನಿಮ್ಮ ಜೊತೆ ಪ್ರಾರ್ಥಿಸ್ತೀವಿ, ಆಸ್ಪತ್ರೆಗೂ ಜೊತೆಗೆ ಬರ್ತೀವಿ. ಒಂದು ಮಾಡಿ ಇನ್ನೊಂದು ಬಿಡೋದಿಲ್ಲ.

7. ಯಾಕಾಗಿ?

1 ಕೊರಿಂಥದವರಿಗೆ 6:19-20. ಈ ಮಾತನ್ನು ಪೌಲನು ಹೇಳಿದ್ದು ಜಾರತ್ವದ ವಿಷಯದಲ್ಲಿ, ಬೊಜ್ಜಿನ ವಿಷಯದಲ್ಲಿ ಅಲ್ಲ. ದಪ್ಪ ಇರುವವರಿಗೆ ಹೊಡೆಯುವ ಕೋಲಾಗಿ ಇದನ್ನು ಬಳಸಬೇಡಿ. ಆದರೆ ಕಾರಣವಾಗಿ ಅವನು ಕೊಡುವ ಸತ್ಯ ನಮ್ಮ ಇಡೀ ದೇಹಕ್ಕೆ ಸೇರಿದ್ದು: ಪವಿತ್ರಾತ್ಮನು ಇದರಲ್ಲಿ ವಾಸಮಾಡುತ್ತಾನೆ, ಬೆಲೆ ಕೊಟ್ಟು ಇದನ್ನು ಕೊಂಡುಕೊಳ್ಳಲಾಗಿದೆ. ಕ್ರಮ ಗಮನಿಸಿ. ಮೊದಲು ಬೆಲೆ ಕೊಟ್ಟಾಯಿತು. ನೀವು 82 ಇದ್ದಾಗಲೇ ಕೊಟ್ಟಾಯಿತು. 62 ಆದಮೇಲೆ ಕೊಡ್ತೀನಿ ಅಂತ ಕರ್ತನು ಹೇಳಲಿಲ್ಲ. ಆದ್ದರಿಂದ ಯಾರನ್ನೋ ಒಪ್ಪಿಸೋಕೆ ನಾವು ತೂಕ ಇಳಿಸಬೇಕಿಲ್ಲ. ಈಗಾಗಲೇ ಅಂಗೀಕಾರವಾದ ದೇಹವನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ, ಅಷ್ಟೇ. ದೇಹದ ಸಾಧನೆಯಿಂದ ಸ್ವಲ್ಪ ಪ್ರಯೋಜನ ಇದೆ ಅಂತ 1 ತಿಮೊಥೆಯನಿಗೆ 4:8ರಲ್ಲಿ ಪೌಲನೇ ಒಪ್ಪುತ್ತಾನೆ. ಸ್ವಲ್ಪ ಅಂದಿದ್ದನ್ನು ಇಲ್ಲವೇ ಇಲ್ಲ ಅನ್ನಬೇಡಿ, ಅದೇ ಎಲ್ಲಾ ಅಂತಲೂ ಅನ್ನಬೇಡಿ.

ಸೆಲ್ ಗ್ರೂಪ್‌ನಲ್ಲಿ ಮಾತಾಡಲು

1. ನನ್ನ ಮನಸ್ಸಿನಲ್ಲಿರುವ ನಂಬರ್ ಯಾರು ಕೊಟ್ಟದ್ದು? ಡಾಕ್ಟರಾ, ಬೇರೆಯವರ ಮಾತಾ?
2. ನನ್ನ ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇದೆಯಾ? ಇದನ್ನು ಮನೆಯಲ್ಲಿ ನೋಡಿ, ಗ್ರೂಪ್‌ನಲ್ಲಿ ನಂಬರ್ ಹೇಳಬೇಕಾಗಿಲ್ಲ.
3. ಮೂರು ತಿಂಗಳಿಗೆ ನನ್ನ ಮೊದಲ ಗುರಿ ಏನು? ಅದರ ಕೆಳಗೆ ಬರೆಯಬಹುದಾದ ಎರಡು ದಿನದ ಕೆಲಸ ಯಾವುವು?
4. ಇನ್ನೊಬ್ಬರ ಮೈ ಬಗ್ಗೆ ನಾನು ಹೇಳುವ ಯಾವ ಮಾತನ್ನು ಈ ವಾರದಿಂದ ನಿಲ್ಲಿಸಬೇಕು?

ಪ್ರಾರ್ಥನೆ

ಪರಲೋಕದ ತಂದೆಯೇ, ನಮ್ಮ ದೇಹಗಳಿಗಾಗಿ ನಿಮಗೆ ಸ್ತೋತ್ರ. ಕನ್ನಡಿ ಮುಂದೆ ಅಳುವ ಮಕ್ಕಳನ್ನು ನೀವು ಕಾಣುತ್ತೀರಿ, ಅವರನ್ನು ಸಂತೈಸಿರಿ. ಹಸಿದು ಬಳಲಿರುವವರಿಗೆ ಊಟ ಮಾಡುವ ಧೈರ್ಯ ಕೊಡಿರಿ. ಮಿತಿ ಮೀರಿದವರಿಗೆ ಸ್ವನಿಯಂತ್ರಣ ಕೊಡಿರಿ. ಕಾಯಿಲೆ ಇರುವವರನ್ನು ಮುಟ್ಟಿ ಸ್ವಸ್ಥಪಡಿಸಿರಿ, ಸರಿಯಾದ ವೈದ್ಯರ ಬಳಿಗೆ ನಡೆಸಿರಿ. ನಮ್ಮ ಬಾಯಿಂದ ಯಾರ ಮೈಯ ಬಗ್ಗೆಯೂ ನೋಯಿಸುವ ಮಾತು ಬಾರದಂತೆ ಕಾಯಿರಿ. ನೀವು ಕೊಟ್ಟ ಬಲದಿಂದ ನಿಮ್ಮ ಸೇವೆ ಮಾಡುವಂತೆ ಕೃಪೆ ಕೊಡಿರಿ. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.